ಗಂಧೆ ಎದ್ದಾಗ, ಸೀನು ಹಿಡಿದಾಗ ಯಾವ ಗುಳಿಗೆ ಆರಿಸಬೇಕು?

ಕುಮಟಾದಲ್ಲಿ ನಮ್ಮದೊಂದು ಔಷಧಿ ಅಂಗಡಿ ಇದೆ. ಮೀನುಪೇಟೆಯವರು, ಬೋಟಿನವರು, ಅಡಿಕೆ ತೋಟದವರು, ದೇವಿಮನೆ ಘಟ್ಟ ಹತ್ತಿ ಸಿರ್ಸಿಗೆ ಹೋಗುವ ಡ್ರೈವರುಗಳು, ಎಲ್ಲರೂ ಬರುತ್ತಾರೆ. ಮೈಮೇಲೆ ಗಂಧೆ ಎದ್ದಾಗ, ಬೆಳಿಗ್ಗೆ ಎದ್ದ ಕೂಡಲೇ ಸಾಲು ಸಾಲು ಸೀನು ಬಂದಾಗ ಅವರು ಕೇಳುವುದು ಹೆಚ್ಚು ಕಡಿಮೆ ಒಂದೇ ತರಹ: "ಅಕ್ಕಾ, ಅಲರ್ಜಿಗೆ ಒಂದು ಗುಳಿಗೆ ಕೊಡಿ. ಸ್ವಲ್ಪ ಸ್ಟ್ರಾಂಗ್ ಇರ್ಲಿ."

ಆಗ ನಾನು ಕೇಳುವ ಮೊದಲ ಪ್ರಶ್ನೆ: "ನಾಳೆ ಬೆಳಿಗ್ಗೆ ಏನು ಕೆಲಸ?"

ಕೆಲವರಿಗೆ ಇದು ವಿಚಿತ್ರ ಅನಿಸುತ್ತದೆ. ತುರಿಕೆಗೂ ನಾಳೆಯ ಕೆಲಸಕ್ಕೂ ಏನು ಸಂಬಂಧ? ಆದರೆ ಅಲರ್ಜಿ ಗುಳಿಗೆ ಆರಿಸುವಾಗ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ. ತಿಂದ ಕೂಡಲೇ ಕಣ್ಣು ಎಳೆಯುವ ಗುಳಿಗೆಯೇ ಗಟ್ಟಿ ಗುಳಿಗೆ ಅಂತ ನಮ್ಮ ಕಡೆ ತುಂಬ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ನಿದ್ದೆ ಬರುವುದಕ್ಕೂ ಗಂಧೆ ಇಳಿಯುವುದಕ್ಕೂ ಸಂಬಂಧ ಇಲ್ಲ. ನಿದ್ದೆ ಬರಿಸದ ಗುಳಿಗೆಗಳೂ ಗಂಧೆಯನ್ನು ಅಷ್ಟೇ ಚೆನ್ನಾಗಿ ಇಳಿಸುತ್ತವೆ, ಅದೂ ಇಡೀ ದಿನಕ್ಕೆ ಒಂದೇ ಗುಳಿಗೆಯಲ್ಲಿ.

ಗುಳಿಗೆ ಹುಡುಕುತ್ತಾ ಕೂರಬಾರದ ಹೊತ್ತು

ಯಾವ ಗುಳಿಗೆ ಅನ್ನುವುದಕ್ಕಿಂತ ಮೊದಲು ಇದನ್ನು ಹೇಳಲೇಬೇಕು. ಗಂಧೆಯ ಜೊತೆ ನಾಲಿಗೆ ಅಥವಾ ಗಂಟಲು ಊದಿಕೊಂಡರೆ, ಧ್ವನಿ ಬದಲಾದರೆ, ಉಸಿರಾಡಲು ಕಷ್ಟವಾದರೆ, ಎದೆಯಲ್ಲಿ ಸುಯ್ ಸುಯ್ ಶಬ್ದ ಬಂದರೆ, ತಲೆ ಸುತ್ತಿ ಬಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ ಅದು ಗುಳಿಗೆಯಲ್ಲಿ ಮುಗಿಯುವ ವಿಷಯ ಅಲ್ಲ. ಅದಕ್ಕೆ ಅನಾಫಿಲ್ಯಾಕ್ಸಿಸ್ ಅನ್ನುತ್ತಾರೆ. ಅಲ್ಲಿ ಜೀವ ಉಳಿಸುವುದು ಅಡ್ರಿನಲಿನ್ ಇಂಜೆಕ್ಷನ್. ತೊಡೆಯ ಹೊರಭಾಗದ ಸ್ನಾಯುವಿಗೆ, ಬೇಗ. ಆಂಟಿಹಿಸ್ಟಮೈನ್ ಗುಳಿಗೆ, ಅಂದರೆ ನಾವು ಅಲರ್ಜಿ ಗುಳಿಗೆ ಅನ್ನುವುದು, ಕೆಲಸ ಶುರು ಮಾಡಲು ಸುಮಾರು ಒಂದು ಗಂಟೆ ಬೇಕು. ಅಷ್ಟು ಹೊತ್ತು ಇರುವುದಿಲ್ಲ. ಆಮೇಲೂ ಅದು ಬಿದ್ದ ಬಿಪಿಯನ್ನು ಏರಿಸುವುದಿಲ್ಲ, ಕಟ್ಟಿದ ಉಸಿರನ್ನು ಬಿಡಿಸುವುದಿಲ್ಲ.

ತೋಟದಲ್ಲಿ ಹೆಜ್ಜೇನು ಕಡಿದಾಗ, ಶೆಟ್ಲಿ (ಸಿಗಡಿ) ತಿಂದಾಗ, ಇಂಜೆಕ್ಷನ್ ಅಥವಾ ನೋವಿನ ಗುಳಿಗೆ ತೆಗೆದುಕೊಂಡಾಗ ಹೀಗೆ ಆಗಬಹುದು. 108ಕ್ಕೆ ಫೋನ್ ಮಾಡಿ. ನಮ್ಮ ಘಟ್ಟದ ಬುಡದ ಊರುಗಳಿಗೆ ಆಂಬುಲೆನ್ಸ್ ಬರಲು ಹೊತ್ತಾಗುತ್ತದೆ ಅನಿಸಿದರೆ ಸಿಕ್ಕ ಗಾಡಿಯಲ್ಲಿ ಹೊರಡಿ. ದೊಡ್ಡ ಆಸ್ಪತ್ರೆಯೇ ಬೇಕು ಅಂತ ಕಾರವಾರಕ್ಕೋ ಮಣಿಪಾಲಕ್ಕೋ ಸೀದಾ ಹೋಗಬೇಡಿ. ಮೊದಲ ಇಂಜೆಕ್ಷನ್ ಹತ್ತಿರದ ಆಸ್ಪತ್ರೆಯಲ್ಲೇ ಆಗಲಿ. ರೋಗಿಯನ್ನು ಮಲಗಿಸಿ, ಕಾಲು ಸ್ವಲ್ಪ ಎತ್ತರಕ್ಕೆ ಇಡಿ. ಉಸಿರಿನ ಕಷ್ಟ ಇದ್ದರೆ ಒರಗಿ ಕೂರಲು ಬಿಡಿ. ಎಬ್ಬಿಸಿ ನಡೆಸಬೇಡಿ. ಒಮ್ಮೆ ಇಳಿದದ್ದು ಕೆಲವು ಗಂಟೆ ಬಿಟ್ಟು ಮತ್ತೆ ಏರುವುದುಂಟು. ಹಾಗಾಗಿ ಡಾಕ್ಟರು ಇರಿ ಅಂದಷ್ಟು ಹೊತ್ತು ಅಲ್ಲೇ ಇರಬೇಕು. ಇಂಥ ಹೊತ್ತಲ್ಲಿ ಯಾರಾದರೂ ಓಡಿ ಬಂದು ಗುಳಿಗೆ ಕೇಳಿದರೆ ನಾನು ಗುಳಿಗೆ ಕೊಡುತ್ತಾ ನಿಲ್ಲುವುದಿಲ್ಲ, ಆಟೋ ಕರೆಯುತ್ತೇನೆ.

ಇನ್ನೊಂದು ಗುಟ್ಟಾಗಿ ಬರುವ ಊತ ಇದೆ. ಬಿಪಿಗೆ ಎನಾಲಪ್ರಿಲ್, ರಾಮಿಪ್ರಿಲ್ ತರಹದ ಗುಳಿಗೆ ತೆಗೆದುಕೊಳ್ಳುವ ಕೆಲವರಿಗೆ ತುಟಿ, ನಾಲಿಗೆ ಊದುತ್ತದೆ. ತುರಿಕೆ ಇರುವುದಿಲ್ಲ, ಗಂಧೆಯೂ ಇರುವುದಿಲ್ಲ. ವರ್ಷಗಟ್ಟಲೆ ತಿಂದು ಏನೂ ಆಗದೇ ಇದ್ದವರಿಗೂ ಒಂದು ದಿನ ಆಗಬಹುದು. ಇದು ಗಂಧೆ ಎಬ್ಬಿಸುವ ಹಿಸ್ಟಮಿನ್‌ನಿಂದ ಆಗುವುದಲ್ಲ, ಬ್ರಾಡಿಕೈನಿನ್ ಅನ್ನುವ ಬೇರೆ ವಸ್ತುವಿನಿಂದ. ಅದಕ್ಕೇ ಅಲರ್ಜಿ ಗುಳಿಗೆ ಇಲ್ಲಿ ನಡೆಯುವುದಿಲ್ಲ. ಸೀದಾ ಆಸ್ಪತ್ರೆಗೆ, ಬಿಪಿ ಗುಳಿಗೆಯ ಸ್ಟ್ರಿಪ್ ಕೈಯಲ್ಲಿ ಹಿಡಿದುಕೊಂಡು.

ಮೊದಲು ಅದು ಗಂಧೆಯೇ ಹೌದಾ ನೋಡಿ

ಗಂಧೆಗೆ ಒಂದು ಗುಣ ಇದೆ. ಅದು ಜಾಗ ಬದಲಿಸುತ್ತದೆ. ಬೆಳಿಗ್ಗೆ ತೋಳಿನ ಮೇಲೆ ಇದ್ದದ್ದು ಮಧ್ಯಾಹ್ನ ಸೊಂಟಕ್ಕೆ ಬಂದಿರುತ್ತದೆ. ಒಂದೊಂದು ಗಂಧೆಯೂ 24 ಗಂಟೆಯೊಳಗೆ ಗುರುತು ಉಳಿಸದೆ ಮಾಯವಾಗುತ್ತದೆ. ಅನುಮಾನ ಇದ್ದರೆ ಒಂದು ಗಂಧೆಯ ಸುತ್ತ ಪೆನ್ನಿನಿಂದ ಗೆರೆ ಎಳೆದು, ಮರುದಿನ ಅದೇ ಹೊತ್ತಿಗೆ ನೋಡಿ. ಅಲ್ಲೇ ಕೂತಿದ್ದರೆ, ಉರಿ ನೋವು ಇದ್ದರೆ, ಇಳಿದ ಮೇಲೆ ಪೆಟ್ಟು ಬಿದ್ದ ಹಾಗೆ ಕಪ್ಪಾಗಿದ್ದರೆ ಅದು ರಕ್ತನಾಳದ ಉರಿಯೂತ ಇರಬಹುದು. ಅದಕ್ಕೆ ಚರ್ಮದ ಡಾಕ್ಟರೇ ಬೇಕು.

ನಮ್ಮ ಕರಾವಳಿಯಲ್ಲಿ ತುರಿಕೆಗೆ ಬೇರೆ ಕಾರಣಗಳೂ ಧಾರಾಳ. ಗೇರುಬೀಜ ಒಡೆಯುವವರ ಕೈಗೆ ಸಿಪ್ಪೆಯ ಎಣ್ಣೆ ತಾಗಿ ಬೊಬ್ಬೆ ಏಳುತ್ತದೆ. ತೊಡೆಸಂದಿನಲ್ಲಿ ಬೆವರು, ಒದ್ದೆ ಬಟ್ಟೆಯಿಂದ ಗಜಕರ್ಣ ಆಗುತ್ತದೆ. ರಾತ್ರಿ ಮಲಗಿದ ಮೇಲೆ ಇಡೀ ಮನೆಯವರು ಬೆರಳ ಸಂದು ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿ. ಇವು ಯಾವುದಕ್ಕೂ ಆಂಟಿಹಿಸ್ಟಮೈನ್ ಮದ್ದಲ್ಲ. ಗಜಕರ್ಣಕ್ಕೆ ಶಿಲೀಂಧ್ರದ ಮದ್ದು ಬೇಕು, ಕಜ್ಜಿಗೆ ಮನೆಯವರೆಲ್ಲ ಒಟ್ಟಿಗೆ ಹಚ್ಚುವ ಮದ್ದು ಬೇಕು. ಗಜಕರ್ಣಕ್ಕೆ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿಕೊಂಡು, ಜೊತೆಗೆ ಅಲರ್ಜಿ ಗುಳಿಗೆ ತಿಂದು, ತಿಂಗಳುಗಟ್ಟಲೆ ಹರಡಿಸಿಕೊಂಡು ಬಂದವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಆ ಮುಲಾಮು ಬೇಡ.

ಗುಳಿಗೆ ಒಳಗೆ ಏನು ಮಾಡುತ್ತದೆ

ಚರ್ಮದಲ್ಲಿ, ಮೂಗಿನಲ್ಲಿ ಮಾಸ್ಟ್ ಕೋಶಗಳು ಅಂತ ಇವೆ. ಅವು ಕೆರಳಿದರೆ ಹಿಸ್ಟಮಿನ್ ಸುರಿಸುತ್ತವೆ. ಆ ಹಿಸ್ಟಮಿನ್ ಎಚ್1 ಅನ್ನುವ ಜಾಗಗಳಲ್ಲಿ ಕೂತರೆ ತುರಿಕೆ, ಕೆಂಪು, ಊತ, ಸೀನು. ಗುಳಿಗೆಯ ಕೆಲಸ ಆ ಜಾಗವನ್ನು ಮೊದಲೇ ಹಿಡಿದಿಡುವುದು, ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ. ಹಿಸ್ಟಮಿನ್ ಬಂದು ಕೂತ ಮೇಲೆ ಎಬ್ಬಿಸುವುದು ಕಷ್ಟ. ದಿನಾ ಗಂಧೆ ಏಳುವವರು ಎದ್ದ ಮೇಲೆ ತಿನ್ನುವುದಕ್ಕಿಂತ ದಿನವೂ ಒಂದೇ ಹೊತ್ತಿಗೆ ತಿಂದರೆ ಜಾಸ್ತಿ ಪ್ರಯೋಜನ ಅನ್ನುವುದು ಇದೇ ಕಾರಣಕ್ಕೆ.

ಈಗ ನಿದ್ದೆಯ ವಿಷಯ. ಮೆದುಳಿನಲ್ಲೂ ಹಿಸ್ಟಮಿನ್ ಇದೆ. ಅಲ್ಲಿ ಅದರ ಕೆಲಸ ನಮ್ಮನ್ನು ಎಚ್ಚರವಾಗಿ ಇಡುವುದು. ಹಳೆಯ ಗುಳಿಗೆಗಳು ರಕ್ತದಿಂದ ಮೆದುಳಿಗೆ ನುಗ್ಗುತ್ತವೆ, ಅಲ್ಲಿಯ ಎಚ್ಚರವನ್ನೂ ಮುಚ್ಚುತ್ತವೆ. ಹೊಸ ಗುಳಿಗೆಗಳು ಮೆದುಳಿಗೆ ಹೋಗುವುದು ತೀರಾ ಕಡಿಮೆ. ಚರ್ಮದಲ್ಲಿ ಎರಡೂ ಮಾಡುವುದು ಅದೇ ಕೆಲಸ.

ಹಳೆಯದು ಅಂದರೆ ಎವಿಲ್ ಹೆಸರಲ್ಲಿ ಬರುವ ಫೆನಿರಮಿನ್, ಸಿಪಿಎಂ ಅನ್ನುವ ಕ್ಲೋರ್‌ಫೆನಿರಮಿನ್, ಅಟರಾಕ್ಸ್ ಹೆಸರಲ್ಲಿ ಬರುವ ಹೈಡ್ರಾಕ್ಸಿಜಿನ್, ಫೆನರ್ಗನ್ ಹೆಸರಿನ ಪ್ರೊಮೆಥಜಿನ್. ಹೊಸದು ಅಂದರೆ ಸಿಟ್ರಿಜಿನ್, ಲಿವೋಸಿಟ್ರಿಜಿನ್, ಲೊರಾಟಡಿನ್, ಡೆಸ್‌ಲೊರಾಟಡಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್. ಹೊಸದು ಅಂದ ಮಾತ್ರಕ್ಕೆ ನಿನ್ನೆ ಮೊನ್ನೆಯದಲ್ಲ. ಸಿಟ್ರಿಜಿನ್, ಲೊರಾಟಡಿನ್ 1980ರ ದಶಕದಿಂದಲೇ ಇವೆ. ಜನೌಷಧಿ ಕೇಂದ್ರದಲ್ಲಿ ಸಿಟ್ರಿಜಿನ್ ಕಡಿಮೆ ದುಡ್ಡಿಗೆ ಸಿಗುತ್ತದೆ. ಹೆಸರಿನ ಕಂಪನಿಯದೇ ಬೇಕು ಅಂತ ಏನಿಲ್ಲ.

ನಾಳೆ ಬೆಳಿಗ್ಗೆ ಏನು ಕೆಲಸ?

ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದು ಹೊಡೆಯುವವರು ಒದ್ದೆ ಮರ ಹತ್ತುತ್ತಾರೆ. ಕೊಯ್ಲಿನ ಕಾಲದಲ್ಲಿ ಅಡಿಕೆ ಗೊನೆ ಇಳಿಸುವ ಕೊನೆಗೌಡರು ಒಂದು ಮರದ ತುದಿಯಿಂದ ಇನ್ನೊಂದಕ್ಕೆ ದಾಟುತ್ತಾರೆ. ಇವರಿಗೇ ಚಗಳಿ (ಕೆಂಪಿರುವೆ) ಕಡಿಯುವುದು, ಕಂಬಳಿಹುಳದ ರೋಮ ತಾಗುವುದು, ಮೈಯೆಲ್ಲ ಗಂಧೆ ಏಳುವುದು ಜಾಸ್ತಿ. ರಾತ್ರಿ ಒಂದು ಎವಿಲ್ ತಿಂದು ಬೆಳಿಗ್ಗೆ ಮರ ಹತ್ತುತ್ತೇನೆ ಅಂದರೆ ನನಗೆ ಭಯವಾಗುತ್ತದೆ. ಹೈಡ್ರಾಕ್ಸಿಜಿನ್ ಅಂತೂ ದೇಹದಲ್ಲಿ ಅರ್ಧ ಇಳಿಯಲು ಸುಮಾರು 20 ಗಂಟೆ ತೆಗೆದುಕೊಳ್ಳುತ್ತದೆ. ವಯಸ್ಸಾದವರಲ್ಲಿ ಇನ್ನೂ ಜಾಸ್ತಿ. ರಾತ್ರಿ ತಿಂದದ್ದು ಮರುದಿನ ಮಧ್ಯಾಹ್ನವೂ ಒಳಗೆ ಇರುತ್ತದೆ.

"ನನಗೆ ನಿದ್ದೆ ಬರಲ್ಲ ಅಕ್ಕಾ, ಅಭ್ಯಾಸ ಆಗಿದೆ" ಅಂತ ಹೇಳುವ ಡ್ರೈವರುಗಳಿದ್ದಾರೆ. ಅವರಿಗೆ ನಾನು ಒಂದು ಪರೀಕ್ಷೆಯ ಕತೆ ಹೇಳುತ್ತೇನೆ. 2000ನೇ ಇಸವಿಯಲ್ಲಿ ಅಮೆರಿಕದ ಅಯೋವಾದಲ್ಲಿ ಗಾಡಿ ಓಡಿಸುವ ಅಣಕು ಯಂತ್ರದಲ್ಲಿ ಜನರನ್ನು ಕೂರಿಸಿ ನೋಡಿದರು. ಒಮ್ಮೆ ಡೈಫೆನ್‌ಹೈಡ್ರಮಿನ್ ಅನ್ನುವ ಹಳೆಯ ಗುಳಿಗೆ, ಒಮ್ಮೆ ಫೆಕ್ಸೊಫೆನಡಿನ್, ಒಮ್ಮೆ ಮದ್ಯ, ಒಮ್ಮೆ ಮದ್ದಿಲ್ಲದ ಖಾಲಿ ಗುಳಿಗೆ. ಹಳೆಯ ಗುಳಿಗೆ ತಿಂದಾಗ ಓಡಿಸಿದ್ದು ಮದ್ಯ ಕುಡಿದಾಗ ಓಡಿಸಿದ್ದಕ್ಕಿಂತ ಕೆಟ್ಟದಾಗಿತ್ತು. ಫೆಕ್ಸೊಫೆನಡಿನ್ ತಿಂದವರು ಖಾಲಿ ಗುಳಿಗೆ ತಿಂದವರ ಹಾಗೇ ಓಡಿಸಿದರು. ನನಗೆ ಮುಖ್ಯ ಅನಿಸಿದ್ದು ಇನ್ನೊಂದು ಅಂಶ. ನಿದ್ದೆ ಬರುತ್ತಿದೆಯಾ ಅಂತ ಕೇಳಿದಾಗ ಅವರು ಹೇಳಿದ ಉತ್ತರಕ್ಕೂ ಅವರ ಕೈ ತಪ್ಪಿದ್ದಕ್ಕೂ ತಾಳೆಯೇ ಆಗಲಿಲ್ಲ. ಅಂದರೆ ಮಂಪರು ಗೊತ್ತಾಗದೇ ಇದ್ದರೂ ಕೈ ತಡವಾಗುತ್ತದೆ. ಅರಬೈಲ್ ಘಟ್ಟದ ತಿರುವಿನಲ್ಲಿ, ಎದುರಿಗೆ ಅದಿರು ಲಾರಿ ಬಂದಾಗ, ಆ ಒಂದು ಕ್ಷಣ ತಡವಾದರೆ ಏನಾಗುತ್ತದೆ ಅಂತ ಅವರಿಗೇ ನನಗಿಂತ ಚೆನ್ನಾಗಿ ಗೊತ್ತು.

ಮರ ಹತ್ತುವವರು, ಗಾಡಿ ಓಡಿಸುವವರು, ಬೋಟಿನಲ್ಲಿ ಬಲೆ ಎಳೆಯುವವರು, ಮರದ ಮಿಲ್ಲಿನಲ್ಲಿ ಗರಗಸದ ಹತ್ತಿರ ನಿಲ್ಲುವವರು, ಪರೀಕ್ಷೆಗೆ ಓದುವ ಮಕ್ಕಳು: ಇವರಿಗೆ ನಾನು ಹೇಳುವುದು ಫೆಕ್ಸೊಫೆನಡಿನ್, ಇಲ್ಲವೇ ಬಿಲಾಸ್ಟಿನ್, ಇಲ್ಲವೇ ಲೊರಾಟಡಿನ್. ಸಿಟ್ರಿಜಿನ್ ಹೊಸ ಗುಂಪಿನದ್ದಾದರೂ ಪೂರ್ತಿ ನಿರಾಳ ಅಲ್ಲ. ಪರೀಕ್ಷೆಗಳಲ್ಲಿ 10 ಮಿಲಿಗ್ರಾಂ ತಿಂದ 100 ಜನರಲ್ಲಿ ಸುಮಾರು 14 ಜನರಿಗೆ ಮಂಪರು ಬಂದಿತ್ತು, ಖಾಲಿ ಗುಳಿಗೆ ತಿಂದವರಲ್ಲಿ ಸುಮಾರು 6 ಜನರಿಗೆ. ನಿಮ್ಮದು ಯಾವ ಗುಂಪು ಅಂತ ಮನೆಯಲ್ಲಿ ಇರುವ ದಿನ ತಿಂದು ನೋಡಿಕೊಳ್ಳಿ. ಯಾವ ಅಲರ್ಜಿ ಗುಳಿಗೆಯಾದರೂ ಕುಡಿಯುವ ದಿನ ಬೇಡ.

ರಾತ್ರಿ ತುರಿಕೆಯಿಂದ ನಿದ್ದೆ ಬರುವುದಿಲ್ಲ, ಅದಕ್ಕೇ ಹಳೆಯದೇ ಬೇಕು ಅಂತ ಕೇಳುವವರೂ ಇದ್ದಾರೆ. ಅವರ ಕಷ್ಟ ನಿಜ. ಆದರೆ ಹಳೆಯ ಗುಳಿಗೆ ಕೊಡುವ ನಿದ್ದೆ ಒಳ್ಳೆಯ ನಿದ್ದೆ ಅಲ್ಲ, ಕನಸು ಬೀಳುವ ಹಂತವನ್ನೇ ಅದು ಕಡಿಮೆ ಮಾಡುತ್ತದೆ. ತುರಿಕೆ ನಿಂತರೆ ನಿದ್ದೆ ತಾನಾಗಿ ಬರುತ್ತದೆ. ಅವರಿಗೆ ಸಿಟ್ರಿಜಿನ್ ಅಥವಾ ಲಿವೋಸಿಟ್ರಿಜಿನ್ ಸಂಜೆ ತಿನ್ನಲು ಹೇಳುತ್ತೇನೆ.

ಹೊಸ ಗುಂಪಿನಲ್ಲಿ ಯಾವುದು, ಹೇಗೆ

ಸಿಟ್ರಿಜಿನ್ ದೊಡ್ಡವರಿಗೆ 10 ಮಿಲಿಗ್ರಾಂ, ದಿನಕ್ಕೊಂದು. ಬೇಗ ಹಿಡಿಯುತ್ತದೆ, ಅಗ್ಗ, ಊಟದ ಹಂಗಿಲ್ಲ. ಯಾವಾಗಲೋ ಒಮ್ಮೆ ಗಂಧೆ ಏಳುವ, ಮನೆಯಲ್ಲೇ ಇರುವ, ಮೂತ್ರಪಿಂಡ ಸರಿ ಇರುವ ವ್ಯಕ್ತಿಗೆ ಇದೇ ಸಾಕು. ಲಿವೋಸಿಟ್ರಿಜಿನ್ ಅದರದ್ದೇ ಅರ್ಧ ಭಾಗ, 5 ಮಿಲಿಗ್ರಾಂ. ಸಿಟ್ರಿಜಿನ್‌ನಲ್ಲಿ ಆಗದ ಪವಾಡ ಇದರಲ್ಲಿ ಆಗುವುದಿಲ್ಲ. ಒಂದರ ಮೇಲೊಂದು ತಿನ್ನುವುದಂತೂ ಬೇಡವೇ ಬೇಡ. ಎರಡೂ ಮೂತ್ರಪಿಂಡದಿಂದಲೇ ಹೊರಗೆ ಹೋಗುವುದರಿಂದ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿದವರಿಗೆ, ಅಂದರೆ ಮೂತ್ರಪಿಂಡ ಸೋತವರಿಗೆ, ಡಾಕ್ಟರು ಪ್ರಮಾಣ ಕಡಿಮೆ ಮಾಡುತ್ತಾರೆ. ಡಯಾಲಿಸಿಸ್‌ನಲ್ಲಿ ಇರುವವರು ಲಿವೋಸಿಟ್ರಿಜಿನ್ ತಿನ್ನಬಾರದು.

ಫೆಕ್ಸೊಫೆನಡಿನ್ ಮೂಗಿಗೆ 120, ಗಂಧೆಗೆ 180 ಮಿಲಿಗ್ರಾಂ, ದಿನಕ್ಕೊಂದು. ಇದನ್ನು ಬರೀ ನೀರಿನಲ್ಲೇ ನುಂಗಬೇಕು. ಕಿತ್ತಳೆ, ಸೇಬಿನ ಜ್ಯೂಸಿನ ಜೊತೆ ನುಂಗಿದರೆ ಕರುಳು ಅದನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎದೆಯುರಿಗೆ ಕುಡಿಯುವ ಅಲ್ಯುಮಿನಿಯಂ, ಮೆಗ್ನೀಸಿಯಂ ಇರುವ ಟಾನಿಕ್ಕಿಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. "ಆ ಗುಳಿಗೆ ನನಗೆ ಹಿಡಿಯಲ್ಲ" ಅಂದವರನ್ನು ವಿಚಾರಿಸಿದರೆ ಎಷ್ಟೋ ಸಲ ಇಂಥದ್ದೇ ಕಾರಣ ಸಿಗುತ್ತದೆ.

ಬಿಲಾಸ್ಟಿನ್ 20 ಮಿಲಿಗ್ರಾಂ ಖಾಲಿ ಹೊಟ್ಟೆಗೆ. ಊಟಕ್ಕೆ ಒಂದು ಗಂಟೆ ಮೊದಲು, ಇಲ್ಲವೇ ಊಟವಾಗಿ ಎರಡು ಗಂಟೆ ಮೇಲೆ. ನಮ್ಮ ಕಡೆ ಎದ್ದ ಕೂಡಲೇ ಚಾ, ಹಿಂದೆಯೇ ದೋಸೆ. ಹಾಗಾಗಿ ರಾತ್ರಿ ಬೇಗ ಊಟ ಮಾಡುವವರು ಮಲಗುವ ಮುಂಚೆ ತಿನ್ನುವುದು ಸುಲಭ. ಈ ನಿಯಮ ಪಾಲಿಸಲು ಆಗುವುದಿಲ್ಲ ಅಂದರೆ ಜಾಸ್ತಿ ದುಡ್ಡು ಕೊಟ್ಟು ಇದನ್ನೇ ತೆಗೆದುಕೊಳ್ಳುವುದರಲ್ಲಿ ಅರ್ಥ ಇಲ್ಲ. ಲೊರಾಟಡಿನ್ 10 ಮಿಲಿಗ್ರಾಂ. ಸ್ವಲ್ಪ ನಿಧಾನ, ಆದರೆ ಸೌಮ್ಯ.

ಗರ್ಭಿಣಿಯರು, ಹಾಲೂಡಿಸುವವರು ತಾವಾಗಿ ಏನೂ ತಿನ್ನಬಾರದು. ಡಾಕ್ಟರನ್ನು ಕೇಳಿದಾಗ ಅವರು ಸಾಮಾನ್ಯವಾಗಿ ಬರೆಯುವುದು ಲೊರಾಟಡಿನ್ ಅಥವಾ ಸಿಟ್ರಿಜಿನ್. ಇವುಗಳ ಬಗ್ಗೆ ಅನುಭವ ಜಾಸ್ತಿ ಇದೆ.

ಅಜ್ಜಂದಿರು, ಮಕ್ಕಳು

ವಯಸ್ಸಾದವರ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಹಳೆಯ ಗುಳಿಗೆಗಳು ನಿದ್ದೆಯಷ್ಟೇ ತರುವುದಿಲ್ಲ. ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ, ಕಣ್ಣಿನ ಒತ್ತಡದ ಕೆಲವು ಬಗೆಯ ಕಾಯಿಲೆಯನ್ನು ಏರಿಸುತ್ತವೆ. ಪ್ರಾಸ್ಟೇಟ್ ದೊಡ್ಡದಾದ ಅಜ್ಜನಿಗೆ ಮೂತ್ರವೇ ಕಟ್ಟಬಹುದು. ರಾತ್ರಿ ಎದ್ದಾಗ ಗೊಂದಲವಾಗಿ ಬಿದ್ದು ಸೊಂಟ ಮುರಿದುಕೊಳ್ಳುವುದೂ ಇದೆ. ಮನೆಯ ಅಜ್ಜ ಒಮ್ಮೆಲೇ ಏನೇನೋ ಮಾತಾಡತೊಡಗಿದರೆ, ಮರೆವು ಜಾಸ್ತಿಯಾದರೆ, ಹಿಂದಿನ ವಾರ ಯಾವ ಶೀತದ ಗುಳಿಗೆ ಕೊಟ್ಟಿದ್ದೀರಿ ಅಂತ ಮೊದಲು ನೋಡಿ. ಶೀತದ ಗುಳಿಗೆಗಳಲ್ಲಿ ಹೆಚ್ಚಿನವುಗಳಲ್ಲಿ ಪ್ಯಾರಸಿಟಮಾಲ್ ಜೊತೆ ಕ್ಲೋರ್‌ಫೆನಿರಮಿನ್ ಇರುತ್ತದೆ. ಅದರ ಮೇಲೆ ಎವಿಲ್ ಬೇರೆ ತಿಂದರೆ ಎರಡು ಪಾಲಾಯಿತು. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಓದಲು ಆಗದಿದ್ದರೆ ಅಂಗಡಿಯವರ ಹತ್ತಿರ ಓದಿಸಿಕೊಳ್ಳಿ, ಅದು ನಮ್ಮ ಕೆಲಸವೇ.

ಮಕ್ಕಳಿಗೆ ದೊಡ್ಡವರ ಗುಳಿಗೆ ಮುರಿದು ಕೊಡಬೇಡಿ. ಸಿರಪ್ಪು, ತೂಕ ವಯಸ್ಸು ನೋಡಿ, ಡಾಕ್ಟರು ಹೇಳಿದ ಅಳತೆ, ಅದರ ಜೊತೆ ಬಂದ ಅಳತೆ ಮುಚ್ಚಳದಲ್ಲಿ. ಅಡುಗೆ ಮನೆಯ ಚಮಚ ಬೇಡ. 2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆತ ಶೀತದ ಔಷಧಿಯನ್ನು 4 ವರ್ಷದ ಕೆಳಗಿನ ಮಕ್ಕಳಿಗೆ ಕೊಡಬಾರದು ಅಂತ ಸೂಚಿಸಿದ್ದಾರೆ. ಪ್ರೊಮೆಥಜಿನ್ 2 ವರ್ಷದ ಕೆಳಗಿನ ಮಕ್ಕಳ ಉಸಿರನ್ನೇ ನಿಧಾನ ಮಾಡಬಲ್ಲದು. ಬಸ್ಸಿನಲ್ಲಿ ಮಗು ಸುಮ್ನೆ ಮಲಗಲಿ ಅಂತ ಕೊಡುವ ಔಷಧಿ ಇದಲ್ಲ.

ಮೀನು ತಿಂದು ಮೈ ಕೆಂಪಾದರೆ

ನಮ್ಮ ಊರಿನಲ್ಲಿ ಇದನ್ನು ಬಿಡಿಸಿ ಹೇಳಲೇಬೇಕು. ಎಷ್ಟೋ ಜನ ಒಂದು ದಿನದ ಅನುಭವಕ್ಕೆ ಹೆದರಿ ಆಯುಷ್ಯವಿಡೀ ಬಂಗಡೆ ಬಿಟ್ಟಿದ್ದಾರೆ.

ಬಂಗಡೆ, ತಾರಲೆ, ಕೇದರ ಮುಂತಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಅನ್ನುವ ಅಂಶ ಜಾಸ್ತಿ. ಹಿಡಿದ ಮೇಲೆ ಐಸ್ ಹಾಕದೆ ಬಿಸಿಲಲ್ಲಿ ಇಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಒಮ್ಮೆ ಆದ ಹಿಸ್ಟಮಿನ್ ಕುದಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ, ಫ್ರಿಜ್ಜಿನಲ್ಲಿ ಇಟ್ಟರೂ ಹೋಗುವುದಿಲ್ಲ. ಅಂಥ ಮೀನು ತಿಂದ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಮುಖ, ಕುತ್ತಿಗೆ ಕೆಂಪಾಗುತ್ತದೆ. ತಲೆನೋವು, ಎದೆ ಬಡಿತ, ಬಾಯಲ್ಲಿ ಕಾರ ಉರಿ, ಬೇಧಿ. ನೋಡಲು ಅಲರ್ಜಿಯ ಹಾಗೇ ಇರುತ್ತದೆ, ಆದರೆ ಅದು ಅಲರ್ಜಿ ಅಲ್ಲ. ನಿಮ್ಮ ದೇಹ ಹಿಸ್ಟಮಿನ್ ಸುರಿಸಲಿಲ್ಲ, ನೀವೇ ಅದನ್ನು ಊಟ ಮಾಡಿದಿರಿ. ಆಂಟಿಹಿಸ್ಟಮೈನ್ ಗುಳಿಗೆ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ಉಸಿರು, ಬಿಪಿಗೆ ತೊಂದರೆ ಬಂದರೆ ಮಾತ್ರ ಮೊದಲು ಹೇಳಿದ ಹಾಗೆ ಆಸ್ಪತ್ರೆಗೇ.

ಗುರುತಿಸುವುದು ಹೀಗೆ: ಅದೇ ಮೀನು ತಿಂದ ಮನೆಯ ಬೇರೆಯವರಿಗೂ ಆಯಿತಾ? ಇದೇ ಜಾತಿಯ ಮೀನು ಮುಂಚೆ ತಿಂದಾಗ ಏನೂ ಆಗಿರಲಿಲ್ಲವಾ? ಎರಡಕ್ಕೂ ಹೌದು ಅಂದರೆ ತಪ್ಪು ಮೀನಿನ ತಾಜಾತನದ್ದು. ಮುಂದಿನ ಸಲ ಐಸಿನಲ್ಲಿ ಇಟ್ಟ ಮೀನು ತನ್ನಿ, ಪೇಟೆಯಿಂದ ಮನೆಗೆ ಬರುವಾಗ ಬೇರೆ ಕೆಲಸಕ್ಕೆ ಅಂತ ಬಿಸಿಲಲ್ಲಿ ಸುತ್ತಬೇಡಿ.

ಶೆಟ್ಲಿ, ಏಡಿಯ ಅಲರ್ಜಿ ಬೇರೆ. ಅಲ್ಲಿ ತಿಂದವರಲ್ಲಿ ಒಬ್ಬರಿಗೇ ಆಗುತ್ತದೆ, ತಿಂದಾಗಲೆಲ್ಲ ಆಗುತ್ತದೆ, ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಅವರು ಗುಳಿಗೆ ತಿಂದು ಶೆಟ್ಲಿ ತಿನ್ನುತ್ತೇನೆ ಅನ್ನುವ ಯೋಚನೆ ಬಿಡಬೇಕು. ಗುಳಿಗೆ ಮೊದಲ ತುರಿಕೆಯನ್ನು ಮುಚ್ಚಿಡುತ್ತದೆ ಅಷ್ಟೇ, ಅಪಾಯವನ್ನು ತಡೆಯುವುದಿಲ್ಲ. ಶೆಟ್ಲಿಯಲ್ಲಿ ಅಲರ್ಜಿ ತರುವ ಅಂಶವೂ ಬಂಗಡೆಯಂಥ ಮೀನಿನಲ್ಲಿರುವುದೂ ಬೇರೆ ಬೇರೆ. ಹಾಗಾಗಿ ಒಂದು ಆಗದವರು ಇನ್ನೊಂದನ್ನೂ ಬಿಡಬೇಕಾ ಅಂತ ಡಾಕ್ಟರ ಹತ್ತಿರ ಕೇಳಿಯೇ ನಿರ್ಧರಿಸಿ.

ಗಂಧೆಗೆ ನಮ್ಮ ಮನೆಗಳಲ್ಲಿ ಮುರುಗಲು ಸಿಪ್ಪೆ ನೆನೆಸಿದ ನೀರು ಹಚ್ಚುವ, ಕುಡಿಯುವ ರೂಢಿ ಇದೆ. ಮೈಗೆ ತಂಪು ಅನಿಸಿದರೆ ಹಚ್ಚಿ, ನಾನು ಬೇಡ ಅನ್ನುವುದಿಲ್ಲ. ತಣ್ಣೀರು ಬಟ್ಟೆ, ಕ್ಯಾಲಮಿನ್ ಲೋಶನ್ ಕೂಡ ಹಾಗೆಯೇ. ಬಿಸಿನೀರು ಸ್ನಾನ ಮಾತ್ರ ಆ ದಿನ ಬಿಡಿ, ತುರಿಕೆ ಏರುತ್ತದೆ.

ಮೂಗಿನವರಿಗೆ

ಸೀನು, ನೀರು ಸುರಿಯುವುದು, ಕಣ್ಣು ತುರಿಸುವುದು ಇದ್ದರೆ ಗುಳಿಗೆ ಸಾಕು. ಮೂಗು ಕಟ್ಟಿದ್ದಕ್ಕೆ ಗುಳಿಗೆ ಅಷ್ಟು ನಡೆಯುವುದಿಲ್ಲ. ಮಳೆಗಾಲದ ಬೂಷ್ಟು, ಹಾಸಿಗೆಯ ಧೂಳಿನ ಹುಳದಿಂದ ತಿಂಗಳುಗಟ್ಟಲೆ ಮೂಗು ಕಟ್ಟುವವರಿಗೆ ಫ್ಲೂಟಿಕಾಸೋನ್, ಮೊಮೆಟಾಸೋನ್ ತರಹದ ಸ್ಪ್ರೇ ಹೆಚ್ಚು ಉಪಯೋಗ. ಡಾಕ್ಟರನ್ನು ಕೇಳಿ. ತುದಿಯನ್ನು ಮೂಗಿನ ನಡುಗೋಡೆಗೆ ತಿರುಗಿಸದೆ ಕಿವಿಯ ಕಡೆಗೆ ತಿರುಗಿಸಿ ಹೊಡೆಯಬೇಕು. ಪೂರ್ತಿ ಗುಣ ಕಾಣಲು ಕೆಲವು ದಿನ ಬೇಕು. ಕೂಡಲೇ ಮೂಗು ಬಿಡಿಸುವ ಆಕ್ಸಿಮೆಟಜೊಲಿನ್ ಹನಿಗಳನ್ನು ಐದು ದಿನಕ್ಕಿಂತ ಜಾಸ್ತಿ ಹಾಕಬೇಡಿ. ಆಮೇಲೆ ಹನಿಯೇ ಮೂಗು ಕಟ್ಟಿಸುತ್ತದೆ. ಮೊಂಟೆಲುಕಾಸ್ಟ್ ಅನ್ನುವ ಇನ್ನೊಂದು ಮದ್ದು ಬೆರೆತ ಅಲರ್ಜಿ ಗುಳಿಗೆಯನ್ನು ಹಳೆಯ ಚೀಟಿ ತೋರಿಸಿ ತಾವೇ ಮುಂದುವರಿಸುವವರು ಜಾಸ್ತಿ. ಅದರಿಂದ ಮನಸ್ಸಿನ ಮೇಲೆ, ನಿದ್ದೆಯ ಮೇಲೆ ಪರಿಣಾಮ ಆಗಬಹುದು ಅಂತ ಅಮೆರಿಕದ ಔಷಧ ಇಲಾಖೆ 2020ರಲ್ಲಿ ಗಟ್ಟಿ ಎಚ್ಚರಿಕೆ ಕೊಟ್ಟಿದೆ. ಡಾಕ್ಟರು ಬೇಕು ಅಂದರೆ ಮಾತ್ರ.

ವಾರಗಟ್ಟಲೆ ಬಿಡದ ಗಂಧೆ

ಆರು ವಾರಕ್ಕಿಂತ ಜಾಸ್ತಿ ದಿನ, ಹೆಚ್ಚು ಕಡಿಮೆ ದಿನಾ ಗಂಧೆ ಏಳುತ್ತಿದ್ದರೆ ಅದು ಬೇರೆ ಲೆಕ್ಕ. ಆಗ ಬದನೆಕಾಯಿ ಬಿಡು, ಮೊಟ್ಟೆ ಬಿಡು, ಮೀನು ಬಿಡು ಅಂತ ಒಂದೊಂದೇ ಬಿಟ್ಟು ಜನ ಸೊರಗುತ್ತಾರೆ. ಇಷ್ಟು ದಿನ ಬಿಡದ ಗಂಧೆಗೆ ಆಹಾರ ಕಾರಣವಾಗುವುದು ಅಪರೂಪ. ಬಹಳ ಸಲ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಮಾಸ್ಟ್ ಕೋಶಗಳನ್ನು ಕೆರಳಿಸಿರುತ್ತದೆ. ಕೆಲವರಲ್ಲಿ ಥೈರಾಯ್ಡ್ ತೊಂದರೆಯೂ ಜೊತೆಗಿರುತ್ತದೆ. ಊಟ ಬಿಡುವ ಮೊದಲು ನೋವಿನ ಗುಳಿಗೆಯನ್ನು ಗಮನಿಸಿ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಇಂಥ ಗಂಧೆಯನ್ನು ಕೆರಳಿಸುತ್ತವೆ. ದಿನವಿಡೀ ಮೂಟೆ ಹೊತ್ತು ಸೊಂಟನೋವಿಗೆ ತಿಂದ ಗುಳಿಗೆ, ರಾತ್ರಿ ಗಂಧೆ. ಇದನ್ನು ಜನ ಜೋಡಿಸಿ ನೋಡುವುದೇ ಇಲ್ಲ. ನೋವಿಗೆ ಪ್ಯಾರಸಿಟಮಾಲ್ ಸಾಕಾಗುತ್ತದಾ ನೋಡಿ. ಹೃದಯಕ್ಕೆ ಅಂತ ಡಾಕ್ಟರು ಬರೆದ ಆಸ್ಪಿರಿನ್ ಮಾತ್ರ ಕೇಳದೆ ನಿಲ್ಲಿಸಬೇಡಿ.

ಇವರಿಗೆ ಹೊಸ ಗುಂಪಿನ ಒಂದು ಗುಳಿಗೆ, ಗಂಧೆ ಇರಲಿ ಇಲ್ಲದಿರಲಿ, ದಿನಾ. ಎರಡರಿಂದ ನಾಲ್ಕು ವಾರದಲ್ಲಿ ಹಿಡಿತಕ್ಕೆ ಬರದಿದ್ದರೆ ಚರ್ಮದ ಡಾಕ್ಟರು ಅದೇ ಗುಳಿಗೆಯನ್ನು ನಾಲ್ಕು ಪಟ್ಟಿನವರೆಗೂ ಏರಿಸುವುದುಂಟು. ಅದು ಅವರ ನಿಗಾದಲ್ಲೇ ಆಗಬೇಕು. ಅದಕ್ಕೂ ಬಗ್ಗದಿದ್ದರೆ ಒಮಲಿಜುಮ್ಯಾಬ್ ಅನ್ನುವ ಇಂಜೆಕ್ಷನ್ ಇದೆ. ಸ್ಟೀರಾಯ್ಡ್ ಗುಳಿಗೆಯನ್ನು ಹಳೆಯ ಚೀಟಿಯ ಮೇಲೆ ಮತ್ತೆ ಮತ್ತೆ ಕೇಳಬೇಡಿ. ಎರಡೇ ದಿನದಲ್ಲಿ ಮೈ ತಿಳಿಯಾಗುತ್ತದೆ ನಿಜ. ಆದರೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ನಿಲ್ಲಿಸಿದ ಕೂಡಲೇ ಗಂಧೆ ವಾಪಸ್ಸು.

ತಿಂಗಳುಗಟ್ಟಲೆ ಸಿಟ್ರಿಜಿನ್ ಅಥವಾ ಲಿವೋಸಿಟ್ರಿಜಿನ್ ತಿಂದು ನಿಲ್ಲಿಸಿದ ಕೆಲವರಿಗೆ, ಮೊದಲು ತುರಿಕೆ ಇಲ್ಲದಿದ್ದರೂ, ಕೆಲವು ದಿನದಲ್ಲಿ ವಿಪರೀತ ತುರಿಕೆ ಬರಬಹುದು ಅಂತ ಅದೇ ಅಮೆರಿಕದ ಇಲಾಖೆ 2025ರ ಮೇ ತಿಂಗಳಲ್ಲಿ ಎಚ್ಚರಿಸಿದೆ. ಇದು ಅಪರೂಪ. ಹಾಗೆ ಆದರೆ ಹಳೆಯ ಕಾಯಿಲೆ ಜೋರಾಗಿದೆ ಅಂತ ಗಾಬರಿ ಬೇಡ. ಡಾಕ್ಟರಿಗೆ ಹೇಳಿ, ಅವರು ಗುಳಿಗೆ ಮತ್ತೆ ಶುರು ಮಾಡಿಸಿ, ನಿಧಾನವಾಗಿ ಇಳಿಸಿ ನಿಲ್ಲಿಸಬಹುದು.

ಡಾಕ್ಟರ ಹತ್ತಿರ ಹೋಗುವಾಗ ಗಂಧೆ ಎದ್ದಾಗ ಮೊಬೈಲಿನಲ್ಲಿ ತೆಗೆದ ಫೋಟೋ ಇರಲಿ. ಅವರು ನೋಡುವ ಹೊತ್ತಿಗೆ ಅದು ಮಾಯವಾಗಿರುತ್ತದೆ. ತಿನ್ನುವ ಎಲ್ಲ ಗುಳಿಗೆಗಳ ಸ್ಟ್ರಿಪ್, ಆಯುರ್ವೇದದ್ದೂ ಸೇರಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಚರ್ಮಕ್ಕೆ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆ ಮಾಡಿಸುವುದಿದ್ದರೆ ಆಂಟಿಹಿಸ್ಟಮೈನ್‌ಗಳನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಿರಬೇಕು, ಶೀತದ ಗುಳಿಗೆಯಲ್ಲಿ ಇರುವುದನ್ನೂ. ಇಲ್ಲದಿದ್ದರೆ ಅಷ್ಟು ದೂರ ಹೋಗಿ ಮಾಡಿಸಿದ ಪರೀಕ್ಷೆಯಲ್ಲಿ ಏನೂ ಕಾಣಿಸುವುದಿಲ್ಲ. ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಅಲ್ಲಿಗೆ ಫೋನ್ ಮಾಡಿ ಕೇಳಿಕೊಂಡೇ ದಿನ ಗೊತ್ತು ಮಾಡಿ.